ಹೆಸರು ಬರೆಯದ ನಮ್ಮನೆಯವರು

ನಾಲ್ಕನೆಯ ರೊಟ್ಟಿಯ ಮೇಲೆ ನೀರು ಸವರುತ್ತಿದ್ದಾಗ ವಚನಾ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಫೋನಿತ್ತು.

"ಅಮ್ಮಾ, ನಿನ್ನೆ ಹಾಕಿದ್ದು ಓದ್ದೆ."

ಶಿವಲೀಲಾ ಒದ್ದೆ ಬಟ್ಟೆಯನ್ನು ರೊಟ್ಟಿಯ ಅಂಚಿನವರೆಗೂ ಎಳೆದಳು. "ಚಲೋ ಐತಿ?"

"ಚೆನ್ನಾಗಿದೆ. ಅದೇ ಕಷ್ಟ. ಅಪ್ಪ ಹೋಗಿ ಐದು ತಿಂಗಳಾಯ್ತು. ನೀನು ನೋಡಿದ್ರೆ, ನಮ್ಮನೆಯವರು ಕರಿಬೇವು ತರಕ್ಕೆ ಹೋಗಿ ಪೊರಕೆ ತಂದ್ರು ಅಂತ ಬರೀತೀಯ. ಕೆಳಗೆ ಜನ 'ಸಾರ್‌ಗೆ ನಮಸ್ಕಾರ ಹೇಳಿ' ಅಂತಾರೆ. ಹೇಗಮ್ಮಾ ಓದ್ಲಿ?"

"ಓದಬ್ಯಾಡ ಬಿಡು."

"ಹೇಳ್ಬಿಡು ಅವರಿಗೆ. ಇಲ್ಲಾಂದ್ರೆ ನಿಲ್ಸು."

ರೊಟ್ಟಿ ಉಬ್ಬಿತು. ಶಿವಲೀಲಾ ಅದನ್ನು ಬುಟ್ಟಿಗೆ ಹಾಕಿ ಇನ್ನೊಂದು ಉಂಡೆ ತೆಗೆದುಕೊಂಡಳು. ಮಗಳು ಒಳಗೆ ಹೋದಳು.

'ಉಕ್ಕಿದ ಹಾಲು' ಎಂಬ ಆ ವೆಬ್‌ಸೈಟನ್ನು ವಚನಾಳೇ ಕಾಲೇಜಿನಲ್ಲಿದ್ದಾಗ ಮಾಡಿಕೊಟ್ಟಿದ್ದಳು. ಪ್ರತಿ ಶನಿವಾರ ಒಂದು ನಗೆಬರಹ. ಚಂದ್ರಾ ಲೇಔಟಿನ ಈ ಎರಡು ಕೋಣೆಯ ಮನೆಯಿಂದ ಬರೆದದ್ದನ್ನು ಯಾರು ಓದುತ್ತಾರೆ, ಯಾಕೆ ಓದುತ್ತಾರೆ ಎಂದು ಶಿವಲೀಲಾಗೆ ಮೊದಲಿನಿಂದಲೂ ಸೋಜಿಗ. ಕಷ್ಟಪಟ್ಟು ಬರೆದವು ಸುಮ್ಮನೆ ಬಿದ್ದಿರುತ್ತಿದ್ದವು. ಹಾವೇರಿಯಿಂದ ಬಂದು ಮೂವತ್ತು ವರ್ಷವಾದರೂ ಬೆಂಗಳೂರಿಗೆ ಒಗ್ಗದೆ ಗೊಣಗುವ ಗಂಡ ಬರಹದೊಳಗೆ ಕಾಲಿಟ್ಟ ಕೂಡಲೇ ಜನ ಸೇರುತ್ತಿದ್ದರು.

"ಕುಕ್ಕರ್ ಮೂರು ಸಲ ಕೂಗಿದ್ರ ಓಡಿ ಬರ್ತಿ. ನಾ ಮೂರು ಸಲ ಕೂಗಿದ್ರ ತಿರುಗಿ ಸುದ್ದಾ ನೋಡಂಗಿಲ್ಲ" ಎಂದು ಅವನು ಅಂದದ್ದನ್ನು ಹಾಗೆಯೇ ಬರೆದಿದ್ದಳು. ಅದನ್ನು ಓದಿದಷ್ಟು ಜನ ಬೇರೆ ಯಾವುದನ್ನೂ ಓದಿರಲಿಲ್ಲ. ಅವನಿಗೆ ಜಂಬ. "ಮಂದಿ ನಿನ್ನ ಓದಾಕ ಬರೂದಿಲ್ಲ, ನನ್ನ ನೋಡಾಕ ಬರ್ತಾರ" ಅನ್ನುತ್ತಿದ್ದ.

ಶ್ರಾವಣದ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಮೊದಲೇ ಬರೆದು ದಿನ ಗೊತ್ತುಮಾಡಿಟ್ಟಿದ್ದ ಬರಹವೊಂದು ಆ ಶನಿವಾರ ತಾನಾಗಿಯೇ ಪ್ರಕಟವಾಯಿತು. ನೆಂಟರು ಹೊರಟುಹೋದ ಮೇಲೆ ನೋಡಿದರೆ ಅಲ್ಲಿ ಅವನು ಹಾಲಿನವನ ಜೊತೆ ಜಗಳವಾಡುತ್ತಿದ್ದ, ಜನ ನಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಅವನ ಬಗ್ಗೆ ದನಿ ತಗ್ಗಿಸಿ ಮಾತಾಡುತ್ತಿದ್ದ ಹೊತ್ತು ಅದು. ಮುಂದಿನ ಶನಿವಾರಕ್ಕೆ ಅವಳು ಇನ್ನೊಂದು ಬರೆದಳು.

ಓದುವವರಲ್ಲಿ ಯಾರಿಗೂ ತಿಳಿಯಲಿಲ್ಲ. ಪೇಪರಿನ ನಿಧನವಾರ್ತೆಯಲ್ಲಿ ಅವನ ಹೆಸರು, ಫೋಟೊ ಎರಡೂ ಬಂದಿದ್ದವು. ಆದರೆ ಅವಳು ಸೈಟಿನಲ್ಲಿ ಎಂದೂ ಗಂಡನ ಹೆಸರು ಬರೆದವಳಲ್ಲ. ಈ ಕಾಲದಲ್ಲಿ ಹೆಸರು ಹೇಳಿದರೆ ಯಾರೂ ಏನೂ ಅನ್ನುವುದಿಲ್ಲ, ನಾಲಿಗೆಗೆ ರೂಢಿಯಿರಲಿಲ್ಲ ಅಷ್ಟೆ. ಅವಳ ಬಾಯಿಂದ ಆ ಹೆಸರು ಬಂದದ್ದು ಮದುವೆಯ ದಿನ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿದಾಗ. "ಹಾವೇರಿ ಯಾಲಕ್ಕಿ ಹಾರ ಕೊರಳಿಗೆ ಚಂದ, ಪಂಚಾಕ್ಷರಿಯವರ ಸಿಟ್ಟು ಮೂಗಿಗೆ ಚಂದ." ಎಲ್ಲರೂ ನಕ್ಕಿದ್ದರು. ಅದೇ ತನ್ನ ಮೊದಲ ನಗೆಬರಹ ಎಂದು ಅವಳು ಆಮೇಲೆ ಹೇಳಿಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಸೈಟಿಗೆ ಒಂದು ಮೇಲ್ ಬಂತು. ಬಾಪೂಜಿ ನಗರದ ಅನು ಎಂಬ ಹುಡುಗಿ. ತನ್ನ ಅಜ್ಜಿ ಮುನಿತಾಯಮ್ಮನಿಗೆ ಓದಲು ಬರುವುದಿಲ್ಲ, ಪ್ರತಿ ಶನಿವಾರ ತಾನೇ ಓದಿ ಹೇಳುವುದು. ಅಜ್ಜಿ 'ಸಾರ್'ಗೆ ಏನೋ ಕೊಡಬೇಕೆಂದು ಹಟ ಹಿಡಿದಿದ್ದಾರೆ, ಐದು ನಿಮಿಷ ಮನೆಗೆ ಬರಬಹುದೇ?

ಮನೆಯ ಗೋಡೆಯ ಮೇಲೆ ಫೋಟೊ ಇತ್ತು, ಅದಕ್ಕೆ ಯಾಲಕ್ಕಿ ಹಾರ. ಶಿವಲೀಲಾ ಮನೆ ಬೇಡ ಎಂದು ಬಸ್‌ಸ್ಟಾಪ್ ಪಕ್ಕದ ದರ್ಶಿನಿಯ ಹೆಸರು ಬರೆದು ಕಳಿಸಿದಳು.

ಎರಡು ದಿನದ ಮೇಲೆ ಅವರು ಬಂದರು. ಮುನಿತಾಯಮ್ಮ ಸ್ಟೀಲ್ ಡಬ್ಬಿಯನ್ನು ಸೆರಗಿನೊಳಗೆ ಹಿಡಿದುಕೊಂಡೇ ಸುತ್ತ ನೋಡಿದರು.

"ಎಲ್ಲವ್ವ ನಿಮ್ಮೆಜಮಾನ್ರು? ಕರ್ಕೊಂಡ್ ಬರ್ನಿಲ್ವಾ?"

"ಊರಿಗೆ ಹೋಗಿದಾರೆ."

"ಯಾವಾಗ್ ಬತ್ತಾರೆ?"

ಶಿವಲೀಲಾ ಕಾಫಿ ಲೋಟ ತಿರುಗಿಸಿದಳು. "ಏನೂ ಹೇಳಿ ಹೋಗಲಿಲ್ಲ."

"ಗಂಡಸ್ರೇ ಅಂಗೆ ಕಣವ್ವ. ಯೋಳಿ ಓಗೋ ಜಾತಿ ಅಲ್ಲ." ಮುದುಕಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಹಿತಕಿದ ಅವರೆಬೇಳೆ, ಕಂಠದವರೆಗೆ.

ಅವರೆಯ ಕಾಲದಲ್ಲಿ ಅವನನ್ನು ಕುರಿತು ಬರೆದದ್ದು ಶಿವಲೀಲಾಗೆ ನೆನಪಾಯಿತು. 'ಈ ಊರ ಮಂದಿಗೆ ಬ್ಯಾರೆ ಕೆಲಸ ಇಲ್ಲೇನು? ಒಂದೊಂದ ಕಾಳಿನ ಅಂಗಿ ಬಿಚ್ಚಕೊಂತ ಕುಂದ್ರತಾರಲ್ಲ!' ಎಂದವನು ಸಾರು ತಟ್ಟೆಗೆ ಬಿದ್ದ ಮೇಲೆ ಮೂರು ಸಲ ಬಡಿಸಿಕೊಂಡು ಸುಮ್ಮನಾಗಿದ್ದ.

"ನಾನೇ ಅಂಗಿ ಬಿಚ್ಚಿವ್ನಿ ಅಂತ ಯೋಳವ್ವ ಅವ್ರಿಗೆ" ಎಂದು ಮುನಿತಾಯಮ್ಮ ಬೊಚ್ಚುಬಾಯಿ ತೆರೆದು ನಕ್ಕರು. ಅವರ ಹೆಬ್ಬೆರಳುಗಳ ಉಗುರು ಕಪ್ಪಾಗಿತ್ತು. ಗಂಟುಗಳು ಊದಿದ್ದವು.

"ಬೇಡ ಅಂದ್ರೂ ಕೇಳ್ಲಿಲ್ಲ ಆಂಟಿ, ಕೈನೋವು ಬೇರೆ" ಎಂದಳು ಅನು. "ಒಂದು ವಿಚಿತ್ರ ಗೊತ್ತಾ? ಓದುವಾಗ ನಾನು ಬಿದ್ದು ಬಿದ್ದು ನಗ್ತೀನಿ. ಅಜ್ಜಿ ನಗೋದೇ ಇಲ್ಲ. ಕಣ್ಮುಚ್ಕೊಂಡು 'ಮುಂದಕ್ಕೆ ಓದು' ಅಂತಾರೆ."

"ನಗಾಕ್ಕೇನೈತೆ?" ಎಂದರು ಮುನಿತಾಯಮ್ಮ. "ನಮ್ಮೋರು ಓಗಿ ಬಾಳ ವರ್ಸ ಆಯ್ತು. ಇದ್ದಾಗ ಅವ್ರ ಗೊಣಗಾಟ ಕೇಳಿ ತಲೆ ಚಿಟ್ಟಿಡಿಯೋದು. ಈಗ ಈ ಮಗ ನಿಮ್ದು ಓದ್ತಿದ್ರೆ, ಮನೇಲಿ ಯಾರೋ ಗಂಡಸು ಗೊಣಗ್ಕೊಂಡು ಓಡಾಡ್ದಂಗಾಯ್ತದೆ. ಅದಕ್ಕೇ ಕೇಳದು."

ಶಿವಲೀಲಾ ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಬಸ್ ಬಂತೆಂದು ಅನು ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಸಂಜೆ ಅವಳು ಸಾರು ಮಾಡಿದಳು. ಸೊಗಡಿನ ವಾಸನೆಗೆ ವಚನಾ ಕೋಣೆಯಿಂದ ಹೊರಗೆ ಬಂದಳು.

"ಹಿತಕಿದ ಬೇಳೆ! ಯಾರು ಹಿತುಕಿದ್ದು? ನೀನಾ?"

"ಓದೋರು ಒಬ್ರು ತಂದು ಕೊಟ್ರು."

"ನಿನಗಾ?"

ಶಿವಲೀಲಾ ಒಗ್ಗರಣೆ ಸೌಟನ್ನು ತೊಳೆಯಲು ಹಾಕಿದಳು. ಮಗಳಿಗೆ ಅರ್ಥವಾಯಿತು. ಅವಳು ಎರಡು ತಟ್ಟೆ ಇಟ್ಟಳು. ಸಾರು ಚೆನ್ನಾಗಿತ್ತು. ಬೇಳೆ ಬೆಣ್ಣೆಯಂತೆ ಕರಗುತ್ತಿತ್ತು.

ನಗುವವರಿಗೆ ಸುಳ್ಳು ಹೇಳುವುದು ಇಷ್ಟು ದಿನ ಕಷ್ಟವಾಗಿರಲಿಲ್ಲ. ಅವರು ನಕ್ಕು ಹೋಗುತ್ತಿದ್ದರು. ಈ ಮುದುಕಿ ಮಾತ್ರ, ಇಲ್ಲದವನೊಬ್ಬನಿಗಾಗಿ ಊದಿದ ಬೆರಳುಗಳಲ್ಲಿ ಒಂದೊಂದೇ ಕಾಳು ಹಿತುಕಿದ್ದರು. ನಿಜ ತಿಳಿದರೆ ಅವರ ಮನೆಯ ಗೊಣಗಾಟವೂ ನಿಂತುಹೋಗುತ್ತದೆ, ಎರಡನೆಯ ಸಲ. ಆ ಸುದ್ದಿಯನ್ನು ಅನು ಫೋನಿನಲ್ಲಿ ಓದಿ ಹೇಳುವಂತಾಗಬಾರದು.

"ಈ ಶನಿವಾರ ಏನು ಬರೀತೀಯ?" ಕೈ ತೊಳೆಯುತ್ತ ವಚನಾ ಕೇಳಿದಳು. ಈ ಸಲ ದನಿಯಲ್ಲಿ ಮೊನ್ನೆಯ ಬಿರುಸಿರಲಿಲ್ಲ.

"ನೋಡೂಣು."

ಅವಳು ಡಬ್ಬಿ ತೊಳೆದು ಒರೆಸಿದಳು. ಕೊಟ್ಟವರಿಗೆ ಡಬ್ಬಿ ಖಾಲಿ ವಾಪಸು ಹೋಗಬಾರದು. ನಾಳೆ ಶೇಂಗಾ ಹುರಿಯಬೇಕು, ಬೆಲ್ಲ ಕುಟ್ಟಬೇಕು. ಶನಿವಾರ ಬರುವುದರೊಳಗೆ ಹೋಳಿಗೆ ತುಂಬಿಕೊಂಡು ಬಾಪೂಜಿ ನಗರಕ್ಕೆ ಒಬ್ಬಳೇ ಹೋಗಿಬರಬೇಕು. ಮುನಿತಾಯಮ್ಮನ ಎದುರಿಗೆ ಕೂತು ಹೇಳಬೇಕು. ಹೇಳುವಾಗ 'ನಮ್ಮನೆಯವರು' ಅಂದರೆ ಸಾಲದು.

ದೀಪ ಆರಿಸುವ ಮುನ್ನ ಅವಳು ಫೋಟೊದ ಮುಂದೆ ನಿಂತಳು. ಒಣಗಿದರೂ ಯಾಲಕ್ಕಿ ಇನ್ನೂ ಘಮ್ಮೆನ್ನುತ್ತಿತ್ತು. ಒಳಗೆ ಮಗಳು ಎಚ್ಚರವಾಗಿದ್ದಳು. ಶಿವಲೀಲಾ ದನಿ ಮಾಡದೆ, ತುಟಿಯನ್ನಷ್ಟೇ ಆಡಿಸಿ, ಆ ಹೆಸರನ್ನು ಒಮ್ಮೆ ಹೇಳಿ ನೋಡಿದಳು.