ಕೂತು ತಿನ್ನುವ ಬಟೇರುಗಳು

ಹಾಜಿರಾ ಹೇಳಿದ ಸುಳ್ಳು ಬಹಳ ಸಣ್ಣದು. ಮೊಟ್ಟೆಗೆಂದು ತಂದೆ ಎಂದಿದ್ದಳು, ಅಷ್ಟೆ.

ಮಗಳು ಮರಿಯಮ್‌ಳ ಮದುವೆಯ ದಿನ ಗೊತ್ತು ಮಾಡಲು ಅವಳು ಗಂಡ ಅಕ್ರಮ್‌ನ ಜೊತೆ ಕಮಲಾಪುರಕ್ಕೆ ಹೋಗಿದ್ದಳು. ಬೀಗರ ಮನೆಯ ಪಡಸಾಲೆಯಲ್ಲಿ ಗಂಡಸರ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಸುಮ್ಮನೆ ಹಿತ್ತಲಿಗೆ ಬಂದಳು. ಗೋಡೆಯಾಚೆ ಒಂದು ತಗಡಿನ ಶೆಡ್ಡು, ಅದರೊಳಗಿಂದ ಸಣ್ಣ ಸಣ್ಣ ಗಂಟಲುಗಳ ಗದ್ದಲ. ಪಕ್ಕದ ಮನೆಯ ಮಹಾದೇವಮ್ಮ ಅಲ್ಲಿ ಬುರ್ಲಿ ಹಕ್ಕಿ, ಅಂದರೆ ಲಾವುಗೆ, ಸಾಕಿ ಮಾರುತ್ತಿದ್ದಳು. ಅದೇ ಹಕ್ಕಿಗೆ ಹಾಜಿರಾಳ ಮನೆಯಲ್ಲಿ ಬಟೇರ್ ಅನ್ನುತ್ತಿದ್ದರು. ಹಾಜಿರಾ ಅದನ್ನು ಕಂಡದ್ದು ಮಾತ್ರ ಹೆಚ್ಚಾಗಿ ತಟ್ಟೆಯಲ್ಲಿ. ಮಹಾದೇವಮ್ಮ ಗೋಡೆಯ ಮೇಲಿಂದಲೇ ಮಾತಾಡಿಸಿ, ಬೀಗರ ಕಡೆಯವರೆಂದು ತಿಳಿದು ಒಳಗೆ ಕರೆದಳು. ಬೇಡವೆನ್ನುವಷ್ಟರಲ್ಲಿ ಒಂದನ್ನು ಹಿಡಿದು ಅವಳ ಅಂಗೈಗೆ ಇಟ್ಟೇಬಿಟ್ಟಳು.

"ಅಂಜಬ್ಯಾಡ್ರಿ ಅಕ್ಕಾ. ಮುಷ್ಟಿ ಸಡ್ಲ ಮಾಡ್ರಿ, ತಾನೇ ಕುಂಡ್ರತದ."

ಹಕ್ಕಿ ಒಮ್ಮೆ ಕೊಸರಾಡಿತು. ಆಮೇಲೆ ಕೂತಿತು. ಅದರ ಎದೆ ಎಷ್ಟು ಬೇಗ ಬಡಿಯುತ್ತಿತ್ತೆಂದರೆ ಬಡಿತವಲ್ಲ, ಒಂದೇ ಸಮನೆ ನಡುಕದ ಹಾಗೆ ಕೈಗೆ ತಾಗುತ್ತಿತ್ತು. ಇಷ್ಟು ವರ್ಷ ಈ ಕೈಗೆ ಬಂದದ್ದೆಲ್ಲ ಏನೋ ಒಂದು ಮಾಡಿಸಿಕೊಳ್ಳಲೆಂದೇ ಬಂದಿತ್ತು: ನಾದಬೇಕಾದ ಹಿಟ್ಟು, ಹಿಂಡಬೇಕಾದ ಬಟ್ಟೆ, ಬಾಚಬೇಕಾದ ತಲೆ, ಒತ್ತಬೇಕಾದ ಕಾಲು. ಇದು ಏನನ್ನೂ ಕೇಳದೆ ಬೆಚ್ಚಗೆ ಕೂತಿತ್ತು. ಹಾಜಿರಾ ತನಗೇ ಆಶ್ಚರ್ಯವಾಗುವಂತೆ, ಮೂರು ಕೊಡಿ ಎಂದಳು.

ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಮಹಾದೇವಮ್ಮ ರಟ್ಟಿನ ಡಬ್ಬ ತರಲು ಹೋದಳು. ಹಾಜಿರಾ ಅಂಗಡಿಯಲ್ಲಿ ಬಟ್ಟೆ ಆರಿಸುವಂತೆ ನೋಡಿದಳು. ಕೆಲವಕ್ಕೆ ಎದೆಯ ತುಂಬ ಬರೀ ಚುಕ್ಕಿ. ಮಂಕಾಗಿ ಕಂಡವು, ಬಿಟ್ಟಳು. ಕೆಲವುಗಳ ಎದೆ ಆಗತಾನೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತಿತ್ತು. ಅವುಗಳಲ್ಲೇ ಚೆಂದದ ಮೂರನ್ನು ಆರಿಸಿದಳು.

ಕಲಬುರಗಿಯ ಬಸ್ಸಿನಲ್ಲಿ ಡಬ್ಬದೊಳಗೆ ಕೆರೆಯುವ ಸದ್ದಾದಾಗ ಅಕ್ರಮ್ ಏನೆಂದು ಕೇಳಿದ. ಬೇಕನ್ನಿಸಿತು, ತಂದೆ ಎನ್ನುವುದು ನಿಜ. ಆದರೆ ಆ ಮಾತನ್ನು ಆಡಿ ಅವಳಿಗೆ ರೂಢಿ ಇರಲಿಲ್ಲ. ಮೊಟ್ಟೆಗೆ, ಅತ್ತೆಯವರ ಮೊಣಕಾಲಿಗೆ ಒಳ್ಳೆಯದಂತೆ ಎಂಬ ಉತ್ತರ ಹುಡುಕುವ ಮೊದಲೇ ನಾಲಿಗೆಯ ಮೇಲಿತ್ತು. ಅಕ್ರಮ್ ಮೆಚ್ಚಿ ತಲೆಯಾಡಿಸಿದ.

ಜೇವರ್ಗಿ ಕಾಲೋನಿಯ ಅವರ ಮನೆಯಲ್ಲಿ ಹಾಲು ತುಪ್ಪ ಇಡುತ್ತಿದ್ದ ತಂತಿಬಲೆಯ ಹಳೆಯ ಜಾಲಿ ಕಪಾಟೊಂದು ಮೂಲೆ ಸೇರಿತ್ತು. ಅದನ್ನು ಹಿಂದಿನ ವರಾಂಡದಲ್ಲಿ ಅಂಗಾತ ಮಲಗಿಸಿದಳು. ಜಾಲಿಯ ಬಾಗಿಲುಗಳೇ ಮುಚ್ಚಳವಾದವು. ಗಿಳಿಗೆ ಕಟ್ಟುವಂತೆ ಒಳಗೊಂದು ಕೋಲು ಕಟ್ಟಿದಳು. ಅವು ಕೋಲಿನ ಕೆಳಗೆ ಅತ್ತಿಂದಿತ್ತ ನಡೆದಾಡಿದವೇ ಹೊರತು ಒಮ್ಮೆಯೂ ಮೇಲೆ ಕೂರಲಿಲ್ಲ. ಆ ಸಂಜೆಯೇ ಕುಕ್ಕರ್ ಸೀಟಿ ಹೊಡೆದದ್ದೇ ತಡ, ಮೂರೂ ಚಿಮ್ಮಿ ಜಾಲಿಗೆ ತಲೆ ಬಡಿದುಕೊಂಡವು. ಒಂದರ ನೆತ್ತಿಯಲ್ಲಿ ರಕ್ತ. ಗಾಬರಿಯಿಂದ ಫೋನ್ ಮಾಡಿದರೆ ಮಹಾದೇವಮ್ಮ, ಬುರ್ಲಿ ಹೆದರಿದರೆ ಪಕ್ಕಕ್ಕೆ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರುತ್ತದೆ, ಮೇಲೆ ಮೆತ್ತನೆಯ ಅರಿವೆ ಕಟ್ಟಿ ಎಂದಳು. ಹಾಜಿರಾ ಹಳೆಯ ದುಪಟ್ಟಾದೊಳಗೆ ಹತ್ತಿ ತುಂಬಿ ಬಾಗಿಲುಗಳ ಒಳಮೈಗೆ ಹೊಲಿದಳು. ನೀರಿನ ಬಟ್ಟಲೊಳಗೆ ಬೆಣಚುಕಲ್ಲು ಹಾಕಿದಳು, ಹಕ್ಕಿಗಳು ಮುಳುಗದಿರಲೆಂದು. ಕೋಳಿಮರಿಯ ಫೀಡಿಗೆ, ಅಕ್ರಮ್ ಸೂಪರ್‌ವೈಸರ್ ಆಗಿದ್ದ ನಂದೂರಿನ ಬೇಳೆ ಮಿಲ್ಲಿನಿಂದ ತಂದ ನುಚ್ಚನ್ನು ಬೇಯಿಸಿ ಸ್ವಲ್ಪ ಬೆರೆಸಿದಳು. ಒಂದು ತಟ್ಟೆಯಲ್ಲಿ ಬೂದಿ, ಮರಳು.

ಆ ಬೂದಿಯ ತಟ್ಟೆಯೇ ಅವಳನ್ನು ಕೆಡಿಸಿತು. ಮಧ್ಯಾಹ್ನದ ಹೊತ್ತು ಒಂದೊಂದಾಗಿ ಬಂದು ಅದರಲ್ಲಿ ಮಗ್ಗುಲಾಗಿ ಬಿದ್ದು, ರೆಕ್ಕೆ ಅರಳಿಸಿ, ಕಾಲು ಚಾಚಿ, ಕಣ್ಣು ಅರೆಮುಚ್ಚಿ ಹೊರಳುತ್ತಿದ್ದವು. ನೋಡುತ್ತ ಕೂತರೆ ಕೈಯಲ್ಲಿದ್ದ ಚಹಾ ಕೆನೆಗಟ್ಟುತ್ತಿತ್ತು. ಇಷ್ಟು ನಾಚಿಕೆಯಿಲ್ಲದೆ ಸುಖಪಡುವುದನ್ನು ಅವಳು ಯಾರಲ್ಲೂ ಕಂಡಿರಲಿಲ್ಲ.

ದಿನಾ ಬೆಳಿಗ್ಗೆ ಅತ್ತೆ ಮೆಹರುನ್ನಿಸಾ ಮಂಚದಿಂದಲೇ ತತ್ತಿ ಬಂತೇ ಎಂದು ವಿಚಾರಿಸುತ್ತಿದ್ದಳು. ಸಂಜೆ ಮಿಲ್ಲಿನಿಂದ ಬಂದ ಅಕ್ರಮ್ ಕೂಡ ಕೇಳುತ್ತಿದ್ದ. ಇಲ್ಲ, ಇನ್ನೂ ಸಣ್ಣವು ಎಂದು ಹಾಜಿರಾ ಹೇಳುತ್ತಿದ್ದಳು. ಮದುವೆ ಆಯಿತು, ಮರಿಯಮ್ ಕಮಲಾಪುರ ಸೇರಿದಳು, ನೆಂಟರು ಚದುರಿದರು. ಬಟೇರುಗಳು ದೊಡ್ಡವಾಗಿ ಗಂಟಲು ಬಿರಿಯುವಂತೆ ಕೂಗಲು ಹತ್ತಿದವು. ಒಂದರ ತಲೆಯನ್ನು ಉಳಿದೆರಡು ಕುಕ್ಕಿ ಬೋಳು ಮಾಡಿದವು. ಹಾಜಿರಾ ಹಲಗೆ ನಿಲ್ಲಿಸಿ ಕಪಾಟನ್ನು ಮೂರು ಕೋಣೆ ಮಾಡಿದಳು. ಮೊಟ್ಟೆ ಮಾತ್ರ ಇಲ್ಲ.

ಕೊನೆಗೆ ಒಂದು ಭಾನುವಾರ ಮಹಾದೇವಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಕಪಾಟಿನೊಳಗೆ ಹಿಡಿದಳು. ಆ ಕಡೆಯಿಂದ ನಗು ಕೇಳಿತು.

"ಅಕ್ಕಾ, ಎದಿ ಕೆಂಪಿದ್ದದ್ದು ಗಂಡ್ರಿ. ಚುಕ್ಕಿ ಇದ್ದದ್ದು ಹೆಣ್ಣು. ಮೂರಕ್ಕ ಮೂರೂ ಗಂಡೇ ಆರಿಸ್ಕೊಂಡು ಹೋಗೀರಿ. ನಾ ತಿನ್ನಾಕ ಒಯ್ದಾರಂತ ಸುಮ್ಮ ಇದ್ದೆ."

ತಂದುಕೊಟ್ಟರೆ ಬದಲಿಗೆ ಹೆಣ್ಣು ಕೊಡುವುದಾಗಿಯೂ ಹೇಳಿದಳು. ಕೊಟ್ಟ ಇವು ಎಲ್ಲಿಗೆ ಹೋಗುತ್ತವೆಂದು ಹಾಜಿರಾ ಕೇಳಲಿಲ್ಲ, ಕೇಳದೆಯೂ ಗೊತ್ತಿತ್ತು. ನೋಡೋಣ ಎಂದು ಫೋನ್ ಇಟ್ಟಳು. ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೆಹರುನ್ನಿಸಾ ಮಂಚದ ಮೇಲೆ ಎದ್ದು ಕೂತಿದ್ದಳು.

"ಏನ್ ಸೊಸಿ ಅದಾಳ ನೋಡ್ರಿ. ಹೆಣ್ಣು ನೋಡಾಕ ಹೋಗಿ ಮೂರು ದುಲ್ಹಾ ಕರಕೊಂಡು ಬಂದಾಳ."

ಮೂರು ಮದುಮಗರ ಮಾತಿಗೆ ಎಲ್ಲರೂ ನಕ್ಕರು, ಹಾಜಿರಾಳೂ ನಕ್ಕಳು. ನಕ್ಕು ಮುಗಿಸಿದ ಅಕ್ರಮ್, ಆದದ್ದು ಒಳ್ಳೆಯದೇ ಆಯಿತು ಎಂದ. ಮದುವೆಯ ನಂತರ ಹೊಸ ಅಳಿಯನನ್ನು ಶುಕ್ರವಾರಗಳಂದು ಕರೆದು ಉಣಿಸುವ ಜುಮ್ಮಗಿ ಅವರಲ್ಲಿ ಉಂಟು. ಮೊದಲನೆಯದು ಇವರ ಮನೆಯಲ್ಲಾಗಿ, ನಡುವಿನವು ಚಿಕ್ಕಪ್ಪ ದೊಡ್ಡಪ್ಪಂದಿರ ಮನೆಗಳಲ್ಲಿ ಮುಗಿದಿದ್ದವು. ಐದನೆಯದು, ಕೊನೆಯದು, ಮತ್ತೆ ಇಲ್ಲೇ. ಹೇಗೂ ಮೊಟ್ಟೆ ಕೊಡದ ಹಕ್ಕಿ. ಅಳಿಯನ ತಟ್ಟೆಗೆ ಬಟೇರಿಗಿಂತ ಮರ್ಯಾದೆಯ ಪದಾರ್ಥ ಯಾವುದಿದೆ. ಆಗಲೇ ಅಳಿಯ ಫೈಜಾನ್‌ಗೆ ಫೋನ್ ಹಚ್ಚಿ, ಬರುವ ಶುಕ್ರವಾರ ಮನೆಯಲ್ಲೇ ಸಾಕಿದ ಬಟೇರ್ ಎಂದು ಹೇಳಿಯೂ ಬಿಟ್ಟ.

ಹಾಜಿರಾ ಮಾಂಸ ತಿನ್ನದವಳಲ್ಲ. ಎಷ್ಟೋ ದಾವತ್ತುಗಳಿಗೆ ಎಷ್ಟೋ ಹಕ್ಕಿಗಳನ್ನು ತೊಳೆದು ಮಸಾಲೆ ಹಚ್ಚಿದ ಕೈ ಅದು. ಬಟೇರೇ ಬೇಕೆಂದರೆ ಮಹಾದೇವಮ್ಮನ ಶೆಡ್ಡಿನಲ್ಲಿ ಬೇಕಾದಷ್ಟಿದ್ದವು. ಈ ಮೂರು ಉಳಿಯಲು ಬೇಕಾದದ್ದು ಒಂದೇ ಒಂದು ಮಾತು. ಆ ಮಾತಿಗೆ ಆಧಾರವೇ ಸಿಗುತ್ತಿರಲಿಲ್ಲ. ಮೊಟ್ಟೆ ಕೊಟ್ಟಿದ್ದರೆ ಮೊಟ್ಟೆಯ ಮರೆಯಲ್ಲಿ ನಿಲ್ಲಬಹುದಿತ್ತು. ಹಿಂದೆಲ್ಲ ಹಾಗೇ ನಿಂತಿದ್ದಳು. ಹೊಲಿಗೆ ಯಂತ್ರ ಕೊಂಡದ್ದು ಮರಿಯಮ್‌ಳ ಫ್ರಾಕಿಗೆ. ಮದರಂಗಿಯ ಗಿಡ ನೆಟ್ಟದ್ದು ಮರಿಯಮ್‌ಳ ಕೈಗೆ. ಮಾಳಿಗೆಯ ಮೇಲೆ ಸಂಜೆ ಹೋಗಿ ನಿಲ್ಲುತ್ತಿದ್ದದ್ದು ಒಣಗಿದ ಬಟ್ಟೆ ತರಲು. ತನಗೆ ಇಷ್ಟವಾದದ್ದಕ್ಕೆಲ್ಲ ಇನ್ನೊಬ್ಬರ ಹೆಸರು ಅಂಟಿಸಿಕೊಂಡೇ ಬದುಕಿದ್ದಳು. ಈ ಮೂರು ಗಂಡುಗಳಿಗೆ ಅಂಟಿಸಲು ಯಾವ ಹೆಸರೂ ಇರಲಿಲ್ಲ. ಬೋಳುತಲೆಯದು ಅವಳ ಹೆಜ್ಜೆ ಕೇಳಿದರೆ ಮೂಲೆಗೆ ಬಂದು ನಿಲ್ಲುತ್ತದೆ ಎನ್ನುವುದು ಯಾವ ಕಾರಣ?

ಗುರುವಾರ ಮಧ್ಯಾಹ್ನದ ಹೊತ್ತಿಗೇ ಅಕ್ರಮ್ ಮನೆಗೆ ಬಂದ. ನಾಳೆ ಬೆಳಿಗ್ಗೆ ತಾನೇ ಕೊಯ್ಯುವುದಾಗಿ, ನೀರು ಕಾಯಿಸಿಡಬೇಕೆಂದು ಹೇಳಿದ. ಹಾಜಿರಾ ಕೊತ್ತಂಬರಿ ಸೋಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅವು ನಾಳೀಗಿಲ್ಲ," ಎಂದಳು.

"ಮತ್ತ ಎಂದಿಗೆ? ಜುಮ್ಮಗಿ ನಾಳೇನೇ ಅದ."

"ಎಂದಿಗೂ ಇಲ್ಲ."

ಅಕ್ರಮ್ ಅವಳ ಮುಖ ನೋಡಿದ. ಜ್ವರ ಇದೆಯೇ ಎಂದು ನೋಡುವ ಹಾಗಿತ್ತು ಆ ನೋಟ. "ತತ್ತಿ ಕೊಡಂಗಿಲ್ಲ, ಕೊಯ್ಯಂಗಿಲ್ಲ. ಇಟ್ಕೊಂಡು ಏನ್ ಮಾಡ್ತಿ?"

"ನೋಡ್ತೀನಿ."

"ಏನ್ ನೋಡ್ತಿ?"

"ಅವನ್ನ." ಕೊತ್ತಂಬರಿಯ ದಂಟುಗಳನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟಳು. "ತತ್ತಿಗಿ ಅಂತ ಹೇಳಿದ್ದು ಸುಳ್ಳುರಿ. ನನಗ ಬೇಕನಿಸ್ತು, ತಂದೆ. ನನ್ನ ಖುಷಿಗಿ ತಂದೀನಿ. ಅವು ನನ್ನವು."

ಅಕ್ರಮ್ ಸಿಟ್ಟಿಗಿಂತ ಹೆಚ್ಚು ಗೊಂದಲದಲ್ಲಿದ್ದ. ಅಳಿಯನಿಗೆ ಹೇಳಿಯಾಗಿದೆ, ಈಗ ಮುಖ ಎಲ್ಲಿಡಲಿ ಎಂದ. ದಿನಕ್ಕೆ ಇಷ್ಟು ಫೀಡು, ನುಚ್ಚು. ಒಂದು ಕೆಲಸಕ್ಕೂ ಬಾರದ ಪ್ರಾಣಿಗಳನ್ನು ಕೂಡಿಸಿ ತಿನ್ನಿಸುವುದು ಯಾವ ಮನೆಯ ಪದ್ಧತಿ ಎಂದ. ಆಗ ಪಡಸಾಲೆಯ ಮಂಚದಿಂದ ಮೆಹರುನ್ನಿಸಾಳ ದನಿ ಬಂತು.

"ಅಕ್ರಮ್, ಇಷ್ಟು ದಿನ ಈ ಮನ್ಯಾಗ ಕೂತು ತಿನ್ನಾಕಿ ನಾ ಒಬ್ಬಾಕಿನೇ ಇದ್ದೆ. ಈಗ ನಾಕು ಮಂದಿ ಆದ್ವಿ. ನಾಳಿ ನನಗೂ ನೀರು ಕಾಯಿಸಾಕ ಹಚ್ಚಿಯೇನು?"

"ಅಮ್ಮಾ, ಏನ್ ಮಾತಂತ ಆಡ್ತೀರಿ."

"ತತ್ತಿ ನಾನೂ ಇಡಂಗಿಲ್ಲಪಾ."

ಅಕ್ರಮ್ ಬಾಗಿಲ ಹತ್ತಿರ ನಿಂತು ಚಪ್ಪಲಿಗೆ ಕಾಲು ಹುಡುಕಿದ. ಅವನ ಬೆನ್ನು ಅಲುಗುತ್ತಿದ್ದದ್ದು ನಗುವಿಗೋ ಸಿಟ್ಟಿಗೋ ಹಾಜಿರಾಳಿಗೆ ತಿಳಿಯಲಿಲ್ಲ. ಸಂಜೆ ಎರಡು ಕೋಳಿ ತಂದು ಅಡುಗೆಕಟ್ಟೆಯ ಮೇಲಿಟ್ಟ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದರಿಂದ, ಆಕೆ ಎದುರಿಗೇ ನಿಂತಿದ್ದರೂ, ಕೋಳಿ ತಂದಿದ್ದೇನೆಂದು ಸೊಸೆಗೆ ಹೇಳಿ ಎಂದು ತಾಯಿಗೆ ಕೂಗಿ ಹೇಳಿದ. ಮೆಹರುನ್ನಿಸಾ ಅಷ್ಟೇ ಗಂಭೀರವಾಗಿ, "ಹಾಜಿರಾ, ಕೋಳಿ ಬಂದಾವಂತ," ಎಂದು ಮುಟ್ಟಿಸಿದಳು.

ಶುಕ್ರವಾರ ನಮಾಜು ಮುಗಿಸಿ ಫೈಜಾನ್ ಬಂದ, ಜೊತೆಗೆ ಹಸಿರು ಸಲ್ವಾರಿನಲ್ಲಿ ಮರಿಯಮ್, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆಯಿಂದ ಮುರಿದ ಎರಡು ಚಿಪ್ಪು. ಊಟದ ದಸ್ತರಖಾನ್ ಹಾಸಿ ಎಲ್ಲರೂ ಕೂತರು. ಬಿರಿಯಾನಿಯ ಮುಚ್ಚಳ ತೆಗೆಯುವ ಮೊದಲು ಅಕ್ರಮ್ ಎರಡು ಸಲ ಕೆಮ್ಮಿದ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಸೌಟು ಹಿಡಿದು ನಿಂತ ಹಾಜಿರಾಳಿಗೆ ಅವನು ಏನು ಹೇಳಬಹುದೆಂದು ಗೊತ್ತಿತ್ತು. ಹಕ್ಕಿಗಳಿಗೆ ರೋಗ ಬಂತು ಎನ್ನಬಹುದು. ಬೆಕ್ಕು ಒಯ್ದಿತು ಎನ್ನಬಹುದು. ಅವಳೇ ಆದರೆ ಹಾಗೇ ಹೇಳುತ್ತಿದ್ದಳು.

"ಬೇಟಾ, ಬಟೇರ್ ಇಲ್ಲ ಇವತ್ತು," ಅಕ್ರಮ್ ಹೇಳಿದ. "ಅವು ನಿಮ್ಮ ಅತ್ತಿಯವರವು. ಆಕಿ ಕೊಡಂಗಿಲ್ಲ ಅಂದಾಳ."

ಈ ಮನೆಯಲ್ಲಿ ಯಾವುದಾದರೂ ವಸ್ತುವನ್ನು ಹಾಜಿರಾಳದೆಂದು ನಾಲ್ಕು ಜನರ ಮುಂದೆ ಗಂಡ ಹೇಳಿದ್ದನ್ನು ಅವಳು ಇದೇ ಮೊದಲು ಕೇಳಿದ್ದು. ಸೌಟಿನಿಂದ ಒಂದು ಹನಿ ತುಪ್ಪ ಕಾಲ ಮೇಲೆ ಬಿತ್ತು, ಗಮನಿಸಲಿಲ್ಲ.

ಫೈಜಾನ್ ನಿರಾಳವಾಗಿ ದೊಡ್ಡ ಉಸಿರು ಬಿಟ್ಟ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮರಿಯಮ್‌ಳನ್ನು ಕೇಳುತ್ತ ಬಂದಿದ್ದನಂತೆ. "ನಮ್ಮ ಗ್ವಾಡಿ ಬಾಜೂಕೇ ಮಹಾದೇವಮ್ಮನ ಶೆಡ್ ಅದರಿ. ಬೀಗರು ಬಂದ್ರ ಬಟೇರ್, ಈದ್‌ಗಿ ಬಟೇರ್, ನನಗ ಜ್ವರ ಬಂದ್ರ ಅದರದೇ ಸೂಪ್. ಕೋಳಿ ನೋಡಿ ಎಷ್ಟು ದಿನ ಆಗಿತ್ತಂತೀರಿ." ತಟ್ಟೆ ಮುಂದೆ ಚಾಚಿದ. ಅಕ್ರಮ್ ಮೊದಲು ತಾಯಿಯ ಕಡೆ, ಆಮೇಲೆ ಬಾಗಿಲ ಕಡೆ ನೋಡಿ, ಹಾಜಿರಾ ಒಂದಿಷ್ಟು ಸಾಲನ್ ತಾ ಎಂದು ನೇರವಾಗಿ ಕರೆದ. ಮಾತು ಬಿಟ್ಟಿದ್ದದ್ದು ಅವನಿಗೆ ಮರೆತಿತ್ತು.

ಊಟವಾದ ಮೇಲೆ ಮರಿಯಮ್ ಹಿಂದಿನ ವರಾಂಡಕ್ಕೆ ಬಂದು ತಾಯಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಹಾಜಿರಾ ಕಪಾಟಿನ ಬಾಗಿಲು ಎತ್ತಿ ಹಿಡಿದಿದ್ದಳು.

"ಅಮ್ಮಿ, ಇವು ಏನ್ ಮಾಡ್ತಾವ?"

"ತಿಂತಾವ, ಒದರ್ತಾವ, ಬೂದ್ಯಾಗ ಹೊಳ್ಳಾಡ್ತಾವ."

"ಅಷ್ಟೇ?"

"ಅಷ್ಟೇ."

ಮರಿಯಮ್ ತಾಯಿಯ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಮದರಂಗಿ ಉಗುರಿನಲ್ಲಷ್ಟೇ ಉಳಿದ ಕೈಯನ್ನು ಒಳಗೆ ಚಾಚಿದಳು. ಹೆದರಬೇಡ, ಮುಷ್ಟಿ ಸಡಿಲ ಮಾಡು ಎಂದು ಹಾಜಿರಾ ಹೇಳಿಕೊಟ್ಟಳು. ಹಕ್ಕಿ ಕೊಸರಾಡಿ ಕೂತಿತು. ಸ್ವಲ್ಪ ಹೊತ್ತಿನ ಮೇಲೆ ಮರಿಯಮ್, ತನಗೂ ಒಂದು ಬೇಕೆಂದಳು. ಯಾತಕ್ಕೆ ಎಂದು ಹಾಜಿರಾ ಕೇಳಲಿಲ್ಲ. ಶೆಡ್ಡು ನಿನ್ನ ಗೋಡೆಯಾಚೆಗೇ ಇದೆ, ಎದೆ ನೋಡಿ ಆರಿಸು ಎಂದಳು.

ಒಳಗಿನಿಂದ ಚಹಾ ಆಗಲಿ ಎಂಬ ಕೂಗು ಬಂತು. ಹಾಜಿರಾ ಸೆರಗು ಸರಿಮಾಡಿ ಅರ್ಧ ಎದ್ದಳು. ಅಷ್ಟರಲ್ಲಿ ಬೋಳುತಲೆಯದು ಬೂದಿಯ ತಟ್ಟೆಗೆ ಒಂದು ಕಾಲಿಟ್ಟಿತು. ಅವಳು ಮತ್ತೆ ಕೂತಳು.

ಅಡುಗೆಮನೆಯಲ್ಲಿ ಡಬ್ಬಿಗಳು ಒಂದಕ್ಕೊಂದು ತಾಗಿದವು. ಅಕ್ರಮ್ ಸಕ್ಕರೆಯ ಡಬ್ಬಿ ಎಲ್ಲಿದೆಯೆಂದು ಯಾರನ್ನೋ ಕೇಳುತ್ತಿದ್ದ.

"ದುಲ್ಹಾಗಳ್ನ ಕೇಳು," ಮೆಹರುನ್ನಿಸಾ ಹೇಳಿದಳು. "ಸುಮ್ಮ ಕುಂತಾವಲ್ಲ."