ಬೈರಮ್ಮನ ಕೊಟ್ಟಿಗೆ ಸೂರು

೨೦೧೦ರಲ್ಲಿ ಬೆಂಗಳೂರಿನ ಹೂಡಿಯ ಬೈರಮ್ಮನ ಕಟ್ಟಡವನ್ನು ಬಾಡಿಗೆಗೆ ಹಿಡಿದ ಹೊಸ ಕಂಪನಿಯ ಮ್ಯಾನೇಜರ್ ರಾಜೇಂದ್ರ, ತನ್ನ ಕಂಪನಿಯ ಹೊಸ ಬೋರ್ಡನ್ನು ಇಳಿಸಿಡಲು ಹಿತ್ತಲಿಗೆ ಬಂದವನು ಅವಳ ಕೊಟ್ಟಿಗೆ ನೋಡಿ ನಿಂತ. ತನ್ನ ಮಾತು ಸೂರ್ಯಚಂದ್ರರಿರುವ ತನಕ ನಡೆಯಲೆಂದು ಯಾವುದೋ ರಾಜ ಕೆತ್ತಿಸಿದ ಶಾಸನದ ಕಲ್ಲು ಅದಕ್ಕೆ ಹೊಸ್ತಿಲು. ಹಿಂದಿನ ಮೂರು ಕಂಪನಿಗಳ ತಗಡಿನ ಬೋರ್ಡುಗಳು ಸೂರು. ಮೂರರಲ್ಲೂ 'ಜಗತ್ತಿಗೇ ನಂಬರ್ ಒನ್' ಎಂದಿತ್ತು.

"ಇವ್ರೆಲ್ಲ ಎಲ್ಲಿಗೆ ಹೋದ್ರಮ್ಮಾ?"

"ಯಾರಿಗ್ ಗೊತ್ತು ಸಾರ್? ಬರೋವಾಗ ಎಲ್ರೂ ನಿಮ್ಮಂಗೇ ಇದ್ರು."

ರಾಜೇಂದ್ರ ನಕ್ಕ. "ನಮ್ದು ಅಂಥ ಕಂಪನಿ ಅಲ್ಲಮ್ಮಾ. ಹದಿನೆಂಟು ದೇಶದಲ್ಲಿದೆ."

ಬೈರಮ್ಮ ಗೋಡೆಗೊರಗಿಸಿದ್ದ ಹೊಸ ಬೋರ್ಡನ್ನು ಗೇಣು ಹಾಕಿ ಅಳೆದಳು. ಆಮೇಲೆ ಕರು ಕಟ್ಟುವ ಕಡೆ ಇನ್ನೂ ಸೋರುತ್ತಿದ್ದ ಮೂಲೆಯತ್ತ ತಲೆಯೆತ್ತಿದಳು.

"ಸರಿಯಾಗ್ ಕೂತ್ಕೊಂತದೆ," ಎಂದಳು. "ಅವಸರ ಇಲ್ಲ ಸಾರ್. ಇನ್ನೆರಡು ಮಳೆಗಾಲ ಕರು ತಡ್ಕೊಂತದೆ."