ಗಿರಿಧರ ತಂದ ಸೀಸೆ

ವಡೋದರಾದ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬರುವಾಗ ಶಾಲು, ಹಾರ ಯಾವುದೂ ಬೇಡವೆಂದು ಹಯವದನ ಸರ್ ಮೊದಲೇ ಫೋನ್ ಮಾಡಿ ಹೇಳಿದ್ದರು. ರಸಾಯನಶಾಸ್ತ್ರ ವಿಭಾಗದಲ್ಲಿ ಅದು ಅವರ ಕೊನೆಯ ವರ್ಷ.

"ನೀವು ಕೆಲಸ ಮಾಡುವಲ್ಲಿಂದ ಒಂದು ಸೀಸೆ ಏನಾದ್ರೂ ತನ್ನಿ ಮಾರಾಯ್ರೆ. ನೀರಾದ್ರೂ ಅಡ್ಡಿಲ್ಲ, ಪುಡಿಯಾದ್ರೂ ಅಡ್ಡಿಲ್ಲ. ಇಲ್ಲಿ ಪರೀಕ್ಷೆಗೆ ಪ್ರತಿ ವರ್ಷ ಅದೇ ಬೀರು, ಅದೇ ಲವಣ. ಈಗಿನ ಮಕ್ಕಳು ಹಿಂದಿನ ವರ್ಷದವರನ್ನು ಕೇಳಿ ಉತ್ತರ ಬರೀತಾರೆ."

1997ರ ಸಂಕ್ರಾಂತಿಯ ಗಾಳಿಪಟದ ಹಬ್ಬ ಮುಗಿದ ವಾರ. ನಾನು ಸೂರತ್‌ನ ಪಾಂಡೇಸರಾದ ಒಂದು ಪ್ರಿಂಟಿಂಗ್ ಮಿಲ್ಲಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಸಹಪಾಠಿ ಗಿರಿಧರನಿಗೆ ಅಲ್ಲೇ ಹತ್ತಿರದ ಸಚಿನ್ ಎಂಬ ಊರಿನಲ್ಲಿ ಸ್ವಂತ ಕಾರ್ಖಾನೆ. ಬಟ್ಟೆಗೆ ಕಪ್ಪು ಬಣ್ಣ ಹಾಕುವುದರಲ್ಲಿ ಅವನಿಗೆ ಹೆಸರು. ಸೂರತ್‌ನಿಂದ ಇಬ್ಬರೂ ಒಂದೇ ರೈಲಿನಲ್ಲಿ ಹೊರಟೆವು. ಅವನು ಪತ್ರಿಕೆಯಲ್ಲಿ ಸುತ್ತಿದ ಸೀಸೆಯೊಂದನ್ನು ಪಾದಗಳ ನಡುವೆ ಇಟ್ಟುಕೊಂಡು ಕೂತಿದ್ದ.

"ಏನೋ ಅದು?" ಎಂದೆ.

"ಕಾರ್ಖಾನೆ ನೀರು. ಗಟಾರಕ್ಕೆ ಬೀಳುವಲ್ಲಿ ಹಿಡಿದದ್ದು."

ಕಪ್ಪು ಬಣ್ಣ ಬಟ್ಟೆಯಲ್ಲಿ ನಿಲ್ಲಲು ಅವನು ಡೈಕ್ರೋಮೇಟ್ ಬಳಸುತ್ತಿದ್ದ. ಅದರಲ್ಲಿರುವ ಕ್ರೋಮಿಯಂ ವಿಷ. ಅದನ್ನು ತಡೆಯಲೆಂದೇ ಟ್ಯಾಂಕ್ ಕಟ್ಟಿಸಿದ್ದ ನಿಜ, ಆದರೆ ಟ್ಯಾಂಕ್ ಕೆಲಸ ಮಾಡದಿದ್ದರೆ?

"ನೀ ಪರೀಕ್ಷೆ ಮಾಡಿ ನೋಡೀಯೇನು?"

"ಇಲ್ಲ. ನೋಡಿದ್ರೆ ಆಮೇಲೆ ತರ್ಲಿಕ್ಕೆ ಧೈರ್ಯ ಬರುದಿಲ್ಲ ಅಂತ."

"ಹುಚ್ಚೇನೋ ನಿನಗ? ಮಾಲಿನ್ಯ ನಿಯಂತ್ರಣ ಮಂಡಳಿಯಾಗ ಇರೂ ದವೇನೂ ಕೂಟಕ್ಕ ಬರ್ತಾನ. ಕ್ರೋಮಿಯಂ ಸಿಕ್ಕರ ಕಾರ್ಖಾನಿಗೆ ಬೀಗ ಬೀಳ್ತದ. ಮನಿ ನಳದ ನೀರು ತುಂಬಿಕೊಂಡು ಬರಬೇಕಿತ್ತು."

ಅವನು ನಕ್ಕ. "ಸರ್ ಒಮ್ಮೆ ನಂಗೆ ಬರೀ ನೀರು ಕೊಟ್ಟಾಗಿದೆ. ಈಗ ನಾನೂ ಅವ್ರಿಗೆ ವಾಪಸ್ ನೀರೇ ಕೊಡುದಾ?"

ಆ ಸಂಗತಿ ನಮ್ಮ ತರಗತಿಯವರೆಲ್ಲರಿಗೂ ಗೊತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿ ವರ್ಷವೂ ಒಬ್ಬರ ಸೀಸೆಗೆ ಸರ್ ಭಟ್ಟಿ ಇಳಿಸಿದ ನೀರನ್ನಷ್ಟೇ ತುಂಬುತ್ತಿದ್ದರು. ಸಿಕ್ಕವರು ಹೆದರಿ ಸತುವೋ ತಾಮ್ರವೋ ಏನಾದರೊಂದು ಇದೆಯೆಂದು ಬರೆದುಬಿಡುತ್ತಿದ್ದರು. ಗಿರಿಧರ ಮಾತ್ರ ಎಲ್ಲ ಪರೀಕ್ಷೆಗಳನ್ನೂ ಮಾಡಿ, ಮತ್ತೆ ಮೊದಲಿನಿಂದ ಮಾಡಿ, "ಏನೂ ಕಾಣಲಿಲ್ಲ" ಎಂದು ಬರೆದು ಬೆವರುತ್ತಾ ನಿಂತಿದ್ದ. ಕಾಣದ್ದನ್ನು ಕಾಣಲಿಲ್ಲ ಎನ್ನುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಆ ದಿನ.

ಪ್ರಯೋಗಾಲಯ ಬದಲಾಗಿರಲಿಲ್ಲ. ಕಿಟಕಿಯಾಚೆಯ ಬೇವಿನ ಮರದಲ್ಲಿ ಗಾಳಿಪಟಗಳು ಸಿಕ್ಕಿಕೊಂಡಿದ್ದವು. ಅಹಮದಾಬಾದಿನಿಂದ ಬಂದಿದ್ದ ಕಿಶೋರ್, ಗಾಜುಪುಡಿ ಹಚ್ಚಿದ ಮಾಂಜಾ ದಾರಕ್ಕೆ ಕೊಯ್ದ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ತನ್ನ ಸೀಸೆ ಮುಂದಿಟ್ಟ.

"ಅಹಮದಾಬಾದ್ ಪಕ್ಕದ ಬೋಪಲ್‌ನಲ್ಲಿ ಹೊಸ ಮನೆ ಕಟ್ಟಿಸಿದೀನಿ ಸರ್, ಅಲ್ಲಿನ ಬೋರ್ ನೀರು. ಇದರಲ್ಲಿ ಬೇಳೆ ಬೇಯಿಸಿದ್ರೆ ಉಪ್ಪೇ ಹಾಕ್ಬೇಕಿಲ್ಲ."

"ಉತ್ತರ ನೀನೇ ಹೇಳಿಬಿಟ್ಟೆಯಲ್ಲ! ಪರೀಕ್ಷೆಯಲ್ಲೂ ಪಕ್ಕದವರಿಗೆ ಹೀಗೇ ಹೇಳ್ತಿದ್ದಿ," ಎಂದು ಸರ್ ಗದರಿದರು. ಎಲ್ಲರೂ ನಕ್ಕರು.

ಸೀಸೆಗಳಿಗೆ ಸಂಖ್ಯೆ ಅಂಟಿಸಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಹಂಚಲಾಯಿತು. ನಿಯಮ ಹಳೆಯದೇ: ಉತ್ತರ ಸರಿಯೋ ತಪ್ಪೋ ಎಂದು ಸೀಸೆ ಕೊಟ್ಟವರೇ ಹೇಳಬೇಕು. ಗಿರಿಧರನ ಸೀಸೆ ಸಿಕ್ಕಿದ್ದು ಮೀರಾ ಎಂಬ ಹುಡುಗಿಗೆ. ನೀರನ್ನು ಸೋಸಿ, ಆಮ್ಲ ಹಾಕಿ, ಪರೀಕ್ಷಕ ದ್ರಾವಣದ ಹನಿ ಬಿಟ್ಟಳು. ನಳಿಗೆಯಲ್ಲಿ ನೇರಳೆ ಬಣ್ಣ ಏರಿತು. ಮಂಡಳಿಯ ದವೇ ಮುಂದಕ್ಕೆ ಬಾಗಿ ನೋಡಿದ.

"ಸರ್, ಕ್ರೋಮಿಯಂ ಇದೆ," ಎಂದಳು ಮೀರಾ ಗುಜರಾತಿಯಲ್ಲಿ.

"ಯಾರದ್ದು ಈ ಸೀಸೆ? ಸರಿಯಾ, ತಪ್ಪಾ?" ಸರ್ ಕೇಳಿದರು.

ಗಿರಿಧರ ಮೇಜಿನ ಅಂಚನ್ನು ಹಿಡಿದಿದ್ದ. ಅವನ ಕಾರ್ಖಾನೆ, ಅದನ್ನೇ ನಂಬಿದ ಮನೆಗಳು, ಎಲ್ಲವೂ ನನ್ನ ಕಣ್ಣ ಮುಂದೆ ಬಂದವು. ಮೌನ ಬೆಳೆದಂತೆ ಹುಡುಗಿಯ ಮುಖ ಸಣ್ಣದಾಯಿತು. ತನ್ನ ನಳಿಗೆಯೇ ಕೊಳಕಾಗಿದ್ದಿರಬೇಕು ಎಂದು ಗುಜರಾತಿಯಲ್ಲಿ ಗೊಣಗಿ, ಬರೆದದ್ದನ್ನು ಹೊಡೆದುಹಾಕಲು ಪೆನ್ನು ಎತ್ತಿದಳು.

"ಹೊಡೀಬೇಡ ಬೆಹೆನ್," ಎಂದ ಗಿರಿಧರ. ಆಮೇಲೆ ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳಿದ: "ನಿನ್ನ ನಳಿಗೆ ಚೊಕ್ಕಟವಾಗಿದೆ. ಅದು ನನ್ನ ಕಾರ್ಖಾನೆಯ ನೀರು. ಉತ್ತರ ಸರಿ."

ದವೇ ತಲೆ ತಗ್ಗಿಸಿ ಹೇಳಿದ, "ಗಿರಿಧರಭಾಯಿ, ಸೋಮವಾರ ನಾನು ಬರಬೇಕಾಗುತ್ತದೆ."

"ಬನ್ನಿ. ಅಷ್ಟರೊಳಗೆ ಕಪ್ಪು ಬಣ್ಣದ ಕೆಲಸ ನಿಲ್ಲಿಸಿರುತ್ತೇನೆ."

ಸರ್ ಗೂಟದಲ್ಲಿದ್ದ ತಮ್ಮ ಬಿಳಿ ಕೋಟನ್ನು ತೆಗೆದು ಗಿರಿಧರನ ಕೈಗೆ ಕೊಟ್ಟರು. "ಹಾಕ್ಕೋ. ಇದೆ ಅಂತ ಗೊತ್ತಾಯ್ತು. ಎಷ್ಟಿದೆ ಅಂತ ನೋಡುದು ಬೇಡ್ವಾ?"

ಊಟಕ್ಕೆ ಕರೆದರೂ ಗಿರಿಧರ, ಮೀರಾ ಇಬ್ಬರೂ ಬರಲಿಲ್ಲ. ಮೀರಾ ಅಳೆದು ಸುರಿಯುತ್ತಿದ್ದಳು. ಗಿರಿಧರ ಅವಳ ಪಕ್ಕದಲ್ಲಿ ನಳಿಗೆ ಹಿಡಿದು ನಿಂತಿದ್ದ. ನಮ್ಮಲ್ಲಿ ದೊಡ್ಡ ಹುದ್ದೆಗೆ ಏರಿದವರು ಹಲವರಿದ್ದರು. ನಾನು ನೋಡುತ್ತ ನಿಂತದ್ದು ಅವನನ್ನು.

ಅವನ ಕಾರ್ಖಾನೆ ಕೆಲವು ತಿಂಗಳು ಮುಚ್ಚಿತ್ತು. ಗಿರಾಕಿಗಳು ಕೆಲವರು ಬಿಟ್ಟುಹೋದರು. ಅವನು ಡೈಕ್ರೋಮೇಟ್ ಬಿಟ್ಟು ಕ್ರೋಮಿಯಂ ಇಲ್ಲದ ಪೆರಾಕ್ಸೈಡ್ ಹಿಡಿದ. ಮೊದಮೊದಲು ಕಪ್ಪು ಸರಿಯಾಗಿ ಕೂರುತ್ತಿರಲಿಲ್ಲ. ತುಂಡು ಬಟ್ಟೆ ತಂದು ನನ್ನ ಮುಂದೆ ಹಾಸಿ, "ಬೂದಿ ಬಣ್ಣ ಬಂತು ನೋಡು" ಎನ್ನುತ್ತಿದ್ದ. ಹದ ಸಿಗಲು ಮಳೆಗಾಲ ಕಳೆಯಬೇಕಾಯಿತು.

ಮುಂದಿನ ಜನವರಿಯ ಕೂಟಕ್ಕೆ ಸರ್ ನಿವೃತ್ತರಾಗಿದ್ದರೂ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಗಿರಿಧರ ಮತ್ತೆ ಗಟಾರದ ನೀರನ್ನೇ ತಂದಿದ್ದ. ಎಂ.ಎಸ್ಸಿ. ಸೇರಿದ್ದ ಮೀರಾ ಆ ಸೀಸೆಯನ್ನು ಕೇಳಿ ಪಡೆದಳು. ಹನಿ ಬಿಟ್ಟಳು. ನೀರು ನೀರಾಗಿಯೇ ಉಳಿಯಿತು.

"ಏನೂ ಕಾಣುತ್ತಿಲ್ಲ ಸರ್," ಎಂದಳು.

"ಮತ್ತೆ ಮೊದಲಿನಿಂದ ಮಾಡು," ಎಂದರು ಸರ್.

ಅವಳು ಹೊಸ ನಳಿಗೆ ತೊಳೆಯಲು ಹೋದಳು. ಗಿರಿಧರ ತನ್ನ ಪರೀಕ್ಷೆಯ ದಿನದಂತೆಯೇ ಬೆವರುತ್ತಾ ನಿಂತಿದ್ದ.